ಗ್ರೂನ್ಯತ್ತೆ ಕಾದ ಗುಟ್ಟು

ನಮ್ಮ ಊರಿನಲ್ಲಿ ಗುಟ್ಟಲ್ಲದ್ದು ಎರಡೇ: ಚಳಿ ಮತ್ತು ಹಂದಿಗಳ ವಾಸನೆ. ಮಿಕ್ಕಿದ್ದೆಲ್ಲ ಗುಟ್ಟು. ಊರಿನ ಹೆಸರು ಯಾವ ನಕಾಶೆಯಲ್ಲೂ ಇರಲಿಲ್ಲ. ಕಾಗದ ಬರೆಯುವವರು ಮುರ್ಮನ್ಸ್ಕ್ ಎಂದು ಬರೆದು ಪಕ್ಕದಲ್ಲೊಂದು ಅಂಕಿ ಹಾಕಬೇಕಿತ್ತು. ನಮ್ಮ ನಮ್ಮೊಳಗೆ ಮಾತ್ರ ಸೇರಯಾ ಗುಬಾ, ಬೂದು ಕೊಲ್ಲಿ, ಎಂದು ಕರೆದುಕೊಳ್ಳುತ್ತಿದ್ದೆವು. ಕೊಲ್ಲಿಯ ಧಕ್ಕೆಗೆ ಕಟ್ಟಿದ್ದ ಜಲಾಂತರ್ಗಾಮಿಗಳಿಗೆ ನಮ್ಮ ಬಾಯಲ್ಲಿ ದೋಣಿ ಎಂದು ಹೆಸರು. ಒಂದೊಂದು ದೋಣಿಯ ಬೆನ್ನಿನಲ್ಲೂ ಸಾಲಾಗಿ ಕ್ಷಿಪಣಿಗಳು. ಅವು ಎಷ್ಟು ದೂರ ಹೋಗುತ್ತವೆ, ಎಲ್ಲಿ ಬೀಳುತ್ತವೆ ಎನ್ನುವುದೂ ಗುಟ್ಟೇ. ಆದರೆ ಪ್ರತಿ ಐದು ವರ್ಷಕ್ಕೊಮ್ಮೆ ಹಳೆಯದಕ್ಕಿಂತ ದೊಡ್ಡ ದೋಣಿ ಬರುತ್ತಿತ್ತು, ಅದರ ಜೊತೆಗೆ ಇನ್ನೂ ದೂರ ಹಾರುವ ಕ್ಷಿಪಣಿ ಬಂದಿದೆ ಎಂಬ ಪಿಸುಮಾತೂ ಬರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಮ್ಮ ದೊಡ್ಡವರು ಗುಟ್ಟು ಕಾಯುತ್ತಿದ್ದರು.

ನಾನು ಕ್ಲಾವಾ. ನೌಕಾಪಡೆಯ ಅಂಗಡಿಯಲ್ಲಿ ಬ್ರೆಡ್ಡು ಮಾರುತ್ತಿದ್ದೆ. ಆ ಕಾಲದಲ್ಲಿ ಅಂಗಡಿಯ ಸಾಲಿನಲ್ಲಿ ನಿಂತ ಹೆಂಗಸರ ಮಾತು ಕೇಳಿದ್ದರೆ ಅಮೆರಿಕದವರಿಗೆ ಗೂಢಚಾರರೇ ಬೇಕಾಗುತ್ತಿರಲಿಲ್ಲ. ಒಂದು ಸಲ ಒಬ್ಬ ದಪ್ಪನೆಯ ಅಧಿಕಾರಿ ಸಾಲಿನಲ್ಲಿ ನಿಂತು, ಹೊಸ ಕ್ಷಿಪಣಿ ಬಂದ ಮೇಲೆ ನಮ್ಮ ದೇಶವನ್ನು ಮುಟ್ಟುವವರಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ. ಅವನ ಹಿಂದೆ ನಿಂತಿದ್ದ ಎಲ್ವಿರಾ ಸುಮ್ಮನಿರಲಿಲ್ಲ.

"ಅಲ್ಲ ಕಾಮ್ರೇಡ್, ಇಲ್ಲೇ ಕೂತು ಅಮೆರಿಕಾಗೆ ಹೊಡೆಯೋ ಹಾಗಿದ್ರೆ ನನ್ನ ಗಂಡನ್ನ ಯಾಕೆ ಮೂರು ಮೂರು ತಿಂಗಳು ಉಪ್ಪುನೀರಲ್ಲಿ ಅದ್ದಿಡ್ತೀರಾ? ಉಪ್ಪಿನಕಾಯಿ ಹಾಕ್ತೀರಾ?"

"ಎಲ್ಲಿಂದ ಹೊಡೀತೀವಿ ಅಂತ ಗೊತ್ತಿಲ್ದಿದ್ರೇನೇ ಕಣಮ್ಮಾ ಅವ್ರು ಹೆದರೋದು."

"ಗೊತ್ತಿಲ್ದೆ ನಾವೂ ಹೆದರ್ಕೊಂಡೇ ಇದೀವಲ್ಲ. ನಾವ್ಯಾವ ದೇಶದವರು?"

ಸಾಲೆಲ್ಲ ನಕ್ಕಿತು. ದಪ್ಪನೆಯವನು ಬ್ರೆಡ್ಡು ತೆಗೆದುಕೊಳ್ಳದೆ ಹೊರಟುಹೋದ. ಎಲ್ವಿರಾ ಆಗ ಇನ್ನೂ ನಗುತ್ತಿದ್ದಳು, ಅವಳ ಗಂಡ ಇನ್ನೂ ಇದ್ದ.

ದೋಣಿ ಯಾವತ್ತು ಹೊರಡುತ್ತದೆ, ಯಾವತ್ತು ಬರುತ್ತದೆ ಎಂದು ಹೆಂಡತಿಯರಿಗೆ ಹೇಳುವ ಹಾಗಿರಲಿಲ್ಲ. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದವನು ಸಂಜೆ ಬರಲಿಲ್ಲವೆಂದರೆ ಕಡಲಿಗೆ ಹೋದ ಎಂದರ್ಥ. ಇಷ್ಟೆಲ್ಲ ಬಿಗಿಯಾಗಿದ್ದ ಗುಟ್ಟಿನಲ್ಲಿ ಒಂದು ತೂತಿತ್ತು. ಅದು ಹಂದಿದೊಡ್ಡಿ.

ನೀರಿನಡಿಯ ದೀರ್ಘ ಯಾನ ಮುಗಿಸಿ ಬಂದ ದೋಣಿಗೆ ಧಕ್ಕೆಯ ಮೇಲೆ ಇಡಿಯಾಗಿ ಸುಟ್ಟ ಹಂದಿಮರಿಯನ್ನು ತಟ್ಟೆಯಲ್ಲಿಟ್ಟು ಕೊಡುವುದು ನಮ್ಮ ನೌಕಾಪಡೆಯ ಹಳೆಯ ಪದ್ಧತಿ. ಯುದ್ಧದ ಕಾಲದಿಂದ ಬಂದದ್ದು. ಹಳೆಯ ದೋಣಿಗಳಿಗೆ ಎರಡು ಮರಿ, ಜನ ಹೆಚ್ಚಿರುವ ಹೊಸ ದೊಡ್ಡ ದೋಣಿಗೆ ಮೂರು. ಕ್ಷಿಪಣಿಯನ್ನು ಬೇಕಾದರೆ ಮುಚ್ಚಿಡಬಹುದು, ಹಂದಿಮರಿಯನ್ನು ಹೇಗೆ ಮುಚ್ಚಿಡುತ್ತೀರಿ? ಆರಿಸಬೇಕು, ಕೊಯ್ಯಬೇಕು, ಅಡುಗೆಮನೆಗೆ ಕಳಿಸಬೇಕು. ಅದಕ್ಕಾಗಿ ಉಗ್ರಾಣದ ಪನಾಸ್ಯುಕ್ ಎರಡು ಮೂರು ದಿನ ಮುಂಚೆಯೇ ಹಂದಿದೊಡ್ಡಿಗೆ ಬಂದು ಇಂಥ ದಿನಕ್ಕೆ ಇಷ್ಟು ಮರಿ ಎಂದು ಹೇಳಿಹೋಗುತ್ತಿದ್ದ. ಹೇಳುತ್ತಿದ್ದದ್ದು ಗ್ರೂನ್ಯತ್ತೆಗೆ.

ಅಗ್ರಫೇನಾ ತೀಖೊನೊವ್ನಾ ಎಂಬುದು ಅವಳ ಪೂರ್ತಿ ಹೆಸರು. ಊರಿಗೆಲ್ಲ ಗ್ರೂನ್ಯತ್ತೆ. ವೊಲಗ್ದಾ ಕಡೆಯ ಹಳ್ಳಿಯವಳು. ಗಂಡ ಇಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ, ಎದೆ ಕೆಟ್ಟು ಸತ್ತ. ಮಕ್ಕಳಿಲ್ಲ. ಊರಿಗೆ ಹೋಗು ಎಂದರೆ, "ಇವುಗಳನ್ನ ಯಾರು ನೋಡ್ತಾರೆ?" ಎಂದು ದೊಡ್ಡಿಯ ಕಡೆ ಕೈ ತೋರಿಸಿದಳಂತೆ. ಹತ್ತಿ ತುಂಬಿದ ಗಂಡಸರ ಕೋಟು, ಮೊಣಕಾಲವರೆಗೆ ಉಣ್ಣೆಯ ಬೂಟು, ಮಣ್ಣು ಅಗೆಯುವವರಿಗಿರುವಂಥ ಕೈ. ಮನುಷ್ಯರೊಂದಿಗೆ ಮಾತು ಕಮ್ಮಿ, ಹಂದಿಗಳೊಂದಿಗೆ ಇಡೀ ದಿನ ಮಾತು. ಎಲ್ಲಕ್ಕಿಂತ ಕೊಬ್ಬಿದ ಹೆಣ್ಣುಹಂದಿಗೆ ಅಡ್ಮಿರಲ್ ಎಂದು ಹೆಸರಿಟ್ಟಿದ್ದಳು. ಹೆಸರು ಬದಲಾಯಿಸು ಎಂದು ಮೇಲಿನವರು ಹೇಳಿದಾಗ, "ನಾನು ಬದಲಾಯಿಸ್ತೀನಿ, ಅದು ಓ ಅನ್ಬೇಕಲ್ಲ" ಎಂದಳು. ನಾನು ದಿನಾ ಉಳಿದ ಬ್ರೆಡ್ಡನ್ನು ವ್ಯಾನಿನಲ್ಲಿ ಅವಳ ಹಂದಿಗಳಿಗೆ ಕೊಂಡೊಯ್ಯುತ್ತಿದ್ದೆ, ಒಂದು ಲೋಟ ಚಹಾ ಕುಡಿದು ಬರುತ್ತಿದ್ದೆ. ಗೆಳೆತನ ಎಂದರೆ ಅಷ್ಟೇ. ಅಷ್ಟಿದ್ದರೆ ಸಾಲದೇ?

ಕೆಲಸಕ್ಕೆ ಸೇರುವಾಗ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿದ್ದಳು. ಬಾಯಿ ಬಿಡಲೂ ಇಲ್ಲ. ಆದರೆ ದೋಣಿ ಹೋದ ಮನೆಯ ಹೆಂಗಸರು ಆಲೂಗಡ್ಡೆ ಸಿಪ್ಪೆಯನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ದೊಡ್ಡಿಗೆ ಬಂದು ನಿಲ್ಲುತ್ತಿದ್ದರು. ಸಿಪ್ಪೆ ನೆಪ. ಕಣ್ಣಲ್ಲಿ ಪ್ರಶ್ನೆ. ಗ್ರೂನ್ಯತ್ತೆ ಸಿಪ್ಪೆ ಸುರಿದುಕೊಂಡು ಬಕೆಟ್ಟನ್ನು ಹಾಗೇ ವಾಪಸ್ಸು ಕೊಡುತ್ತಿದ್ದಳು. ಪನಾಸ್ಯುಕ್ ಬಂದುಹೋದ ದಿನ ಮಾತ್ರ, ಆ ದೋಣಿಯವನ ಹೆಂಡತಿಯ ಬಕೆಟ್ಟನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ ಕೊಡುತ್ತಿದ್ದಳು. ಒಂದು ಮಾತಿಲ್ಲ. ತೊಳೆದ ಬಕೆಟ್ಟು ಹಿಡಿದವಳು ನೇರವಾಗಿ ಕೂದಲು ಸುರುಳಿ ಮಾಡಿಸಿಕೊಳ್ಳಲು ಓಡುತ್ತಿದ್ದಳು. ದೋಣಿ ಬರುವ ತನಕ ದಿನಾ ಬಂದು, ಇನ್ನೊಂದು ಸಲ ತೊಳೆಸಿಕೊಂಡು ಹೋಗುತ್ತಿದ್ದರು, ದಿನ ಬದಲಾಗಿಲ್ಲ ತಾನೆ ಎಂದು ಖಾತ್ರಿ ಮಾಡಿಕೊಳ್ಳಲು.

ಒಂದು ವರ್ಷ, ಎಲ್ವಿರಾಳ ಗಂಡನ ದೋಣಿ ಬರಬೇಕಾಗಿದ್ದಾಗ, ಎರಡು ಮರಿ ಬೇಕೆಂದಿದ್ದ ಪನಾಸ್ಯುಕ್ ಮಾರನೇ ದಿನ ಬಂದು ಬೇಡ ಎಂದ. ಮುಖ ನೋಡದೆ ಹೇಳಿದ. ಏನೋ ಕೆಟ್ಟದ್ದಾಗಿದೆ ಎಂದು ಗ್ರೂನ್ಯತ್ತೆಗೆ ಹೊಳೆಯಿತು, ಆದರೆ ಏನೆಂದು ಹೇಳುವುದು? ಎಲ್ವಿರಾ ಬಕೆಟ್ಟು ತಂದಾಗ ತೊಳೆದೇ ಕೊಟ್ಟಳು. ಒಂದು ದಿನವಾದರೂ ನಗಲಿ ಎಂದುಕೊಂಡಳೋ ಏನೋ. ದೋಣಿ ಬಂತು. ಒಳಗೆ ಬೆಂಕಿ ಬಿದ್ದು ಸತ್ತವರಲ್ಲಿ ಅವಳ ಗಂಡನೂ ಒಬ್ಬ. ಸಂಸ್ಕಾರ ಮುಗಿದ ಮೇಲೆ ಎಲ್ವಿರಾ ದೊಡ್ಡಿಗೆ ಬಂದು, ಚಹಾ ಕುಡಿಯುತ್ತಿದ್ದ ನನ್ನೆದುರೇ ನಿಂತು ಹೇಳಿದಳು:

"ನಿಂಗೆ ಗೊತ್ತಿತ್ತು. ಗೊತ್ತಿದ್ದೂ ತೊಳೆದು ಕೊಟ್ಟೆ. ತುಟಿಗೆ ಬಣ್ಣ ಹಚ್ಕೊಂಡು, ಹೊಸ ಲಂಗ ಹಾಕ್ಕೊಂಡು, ಗಂಡನ ಹೆಣದ ಮುಂದೆ ಕುಣಿಯೋ ಹಾಗೆ ನಿಂತಿದ್ದೆ ನಾನು. ಅದನ್ನ ಸಾಯೋ ತನಕ ಮರೆಯೋಕಾಗಲ್ಲ. ನೀನೂ ಮರೀಬೇಡ."

ಗ್ರೂನ್ಯತ್ತೆ ಮರೆಯಲಿಲ್ಲ. ಚಹಾ ಆರುವವರೆಗೂ ಲೋಟ ಹಿಡಿದೇ ಕೂತಿದ್ದಳು. "ಇನ್ನೊಬ್ಬಳಿಗೆ ಹಾಗೆ ಮಾಡಲ್ಲ ಕ್ಲಾವಾ" ಎಂದಳು, ಅಷ್ಟೇ.

ಅದಾಗಿ ಕೆಲವು ವರ್ಷಗಳ ಮೇಲೆ ರಿಮ್ಮಾ ಬಂದಳು. ದಕ್ಷಿಣದ ಬಿಸಿಲೂರಿನ ಹುಡುಗಿ, ದೊಡ್ಡ ದೋಣಿಯ ಲೆಫ್ಟಿನೆಂಟ್ ಗ್ಲೆಬ್‌ನ ಹೆಂಡತಿ. ಅವನು ಜನವರಿಯಲ್ಲಿ ಹೋದಾಗ ಅವಳಿಗೆ ನಾಲ್ಕು ತಿಂಗಳು. ಆಲೂಗಡ್ಡೆ ಹೆರೆಯಲು ಬಾರದು. ಅವಳ ಬಕೆಟ್ಟು ನೋಡಿ ಗ್ರೂನ್ಯತ್ತೆ ಮೊದಲ ಸಲ ನಕ್ಕದ್ದನ್ನು ನಾನೇ ಕಂಡೆ.

"ಇದೇನೇ ಇದು, ಸಿಪ್ಪೇಲೇ ಆಲೂಗಡ್ಡೆ ಇದೆ. ನೀನೇನ್ ತಿಂತೀಯ?"

"ನಂಗೆ ಸೇರಲ್ಲ ಅತ್ತೆ. ಅಡ್ಮಿರಲ್ ತಿನ್ಲಿ."

"ಎರಡು ಜೀವದವಳು. ಕೂತ್ಕೋ. ಹಾಲು ಕಾಯಿಸ್ತೀನಿ."

ಆಮೇಲೆ ರಿಮ್ಮಾ ದಿನಾ ಬಂದಳು, ಬಕೆಟ್ಟು ಇದ್ದರೂ ಬಂದಳು, ಇಲ್ಲದಿದ್ದರೂ ಬಂದಳು. ಮರಿ ಹಾಕಿದ ಹಂದಿಯ ಪಕ್ಕ ಕೂತು ತನ್ನ ಊರಿನ ಹಾಡು ಹಾಡುತ್ತಿದ್ದಳು. ಮಗುವಿಗೆ ಟೋಪಿ ಹೆಣೆಯುವುದನ್ನು ಗ್ರೂನ್ಯತ್ತೆ ಹೇಳಿಕೊಟ್ಟಳು. ಮಕ್ಕಳಿಲ್ಲದ ಹೆಂಗಸಿಗೆ ಒಬ್ಬಳು ಮಗಳು ಸಿಕ್ಕಿದಳು ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ. ನನಗಂತೂ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು.

ಏಪ್ರಿಲ್ ಬಂತು. ಹಿಮ ಕರಗಿಲ್ಲ, ಆದರೆ ಬೆಳಕು ಬಂದಿತ್ತು. ಪನಾಸ್ಯುಕ್ ಬಂದು ಮೂರು ಮರಿ ಎಂದ. ಅಷ್ಟು ದೊಡ್ಡ ದೋಣಿ ನಮ್ಮ ಊರಿಗಿದ್ದದ್ದು ಒಂದೇ, ಅನುಮಾನವೇ ಇಲ್ಲ. ಆವತ್ತು ಗ್ರೂನ್ಯತ್ತೆ ಬಕೆಟ್ಟನ್ನು ಸೋಪು ಹಾಕಿ ಉಜ್ಜಿ, ಒಳಗೆ ಹೊರಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ರಿಮ್ಮಾ ಆ ಹೊಟ್ಟೆ ಹೊತ್ತುಕೊಂಡೇ ಅವಳನ್ನು ತಬ್ಬಿ, ಹಂದಿವಾಸನೆಯ ಕೆನ್ನೆಗೆ ಮುತ್ತು ಕೊಟ್ಟಳು.

ಮಾರನೇ ಬೆಳಿಗ್ಗೆ ನಾನು ಬ್ರೆಡ್ಡು ಇಳಿಸುತ್ತಿದ್ದಾಗ ಪನಾಸ್ಯುಕ್ ಮತ್ತೆ ಬಂದ. ಯಾವಾಗಲೂ ಹಂದಿಗಳಿಗೆ ಸೆಲ್ಯೂಟ್ ಹೊಡೆದು ನಗಿಸುವವನು ಬಾಗಿಲಲ್ಲೇ ನಿಂತ.

"ಅಗ್ರಫೇನಾ ತೀಖೊನೊವ್ನಾ, ಮರಿ ಬೇಡ."

ಅವನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಒಂದೂ ಬೇಡ್ವಾ?"

"ಒಂದೂ ಬೇಡ."

"ಹಿಂದೆ ಆದ ಹಾಗೇನಾ?"

"ಏನೂ ಕೇಳ್ಬೇಡಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ. ನನಗೂ ಹೆಂಡ್ತಿ ಮಕ್ಕಳಿದಾರೆ."

ಅವನು ಹೊರಟುಹೋದ. ಮೂರು ಮರಿಗಳನ್ನು ಬೇರೆ ಮಾಡಿ ಕಟ್ಟಿದ್ದಳು. ಅವನ್ನು ಬಿಚ್ಚಿ ತಾಯಿಯ ಹತ್ತಿರ ಬಿಟ್ಟಳು. ಆಮೇಲೆ ಮಗುಚಿಹಾಕಿದ ತೊಟ್ಟಿಯ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಂಡಳು. ಏನು ಮಾಡುತ್ತೀಯೆಂದು ನಾನು ಕೇಳಿದೆ.

"ಎಲ್ವಿರಾ ಹೇಳಿದ್ದು ನೀನೂ ಕೇಳಿದೀಯಲ್ಲ" ಎಂದಳು.

"ಅವಳು ಬಸುರಿ ಕಣೇ ಗ್ರೂನ್ಯಾ. ಒಂದಿನ ಸುಮ್ನಿರು. ತಾನಾಗೇ ಗೊತ್ತಾಗತ್ತೆ."

"ಧಕ್ಕೆ ಮೇಲೆ, ನೂರು ಜನರ ಮುಂದೆ ಗೊತ್ತಾಗ್ಲಾ? ಇಲ್ಲಿ ಆದ್ರೆ ನಾನಿದೀನಿ. ಹಿಡ್ಕೋತೀನಿ."

ಯಾರದು ಸರಿ ಎಂದು ಇವತ್ತಿಗೂ ಹೇಳಲಾರೆ. ಬಾಣಲೆಯಿಂದ ತಪ್ಪಿಸಿಕೊಂಡು ಬೆಂಕಿಗೆ ಬೀಳುವ ಆಯ್ಕೆ ಅದು. ಅವಳನ್ನು ಆ ಆಯ್ಕೆಗೆ ನೂಕಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಧ್ಯಾಹ್ನ ರಿಮ್ಮಾ ಬಂದಳು. ಕೂದಲು ಸುರುಳಿ ಸುರುಳಿ. ನಗುತ್ತ ಬಕೆಟ್ಟು ಮುಂದಿಟ್ಟಳು. ಗ್ರೂನ್ಯತ್ತೆ ಸಿಪ್ಪೆ ಸುರಿದಳು, ಬಕೆಟ್ಟನ್ನು ಹಾಗೇ ನೆಲದ ಮೇಲಿಟ್ಟಳು.

"ಮರೆತ್ರಾ ಅತ್ತೆ?"

"ಇಲ್ಲ ಮಗಳೇ."

ರಿಮ್ಮಾ ಬಕೆಟ್ಟನ್ನು ನೋಡಿದಳು, ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಎಲ್ವಿರಾಳ ಕಥೆ ಊರಿನಲ್ಲಿ ಯಾರಿಗೆ ಗೊತ್ತಿಲ್ಲ?

"ಎಲ್ಲಾರೂನಾ?"

ಗ್ರೂನ್ಯತ್ತೆ ತಲೆ ಅಲ್ಲಾಡಿಸಿದಳು, ಗೊತ್ತಿಲ್ಲ ಎನ್ನುವ ಹಾಗೆ. ಹಿಡಿದುಕೊಳ್ಳಲು ಕೈ ಚಾಚಿದಳು. ರಿಮ್ಮಾ ಆ ಕೈ ತಳ್ಳಿ ಹೊರಗೆ ಓಡಿದಳು, ಕೊಲ್ಲಿ ಕಾಣುವ ಬಂಡೆಯ ಕಡೆಗೆ. ಬಂಡೆಯ ಮೇಲೆಲ್ಲ ಮಂಜುಗಡ್ಡೆ. ನಾವು ಹಿಂದೆಯೇ ಓಡಿದೆವು. ನಾವು ತಲುಪುವಷ್ಟರಲ್ಲಿ ಅವಳು ಕೆಳಗೆ ಬಿದ್ದಿದ್ದಳು, ಹೊಟ್ಟೆ ಹಿಡಿದುಕೊಂಡು, ಕೂಗಲೂ ಆಗದೆ.

ಬ್ರೆಡ್ ವ್ಯಾನು ಅಲ್ಲೇ ಇತ್ತು. ಡ್ರೈವರ್ ಸಾವ್ವ ಮುದುಕ, ಆದರೆ ಆವತ್ತು ಹುಡುಗನ ಹಾಗೆ ಗಾಡಿ ಓಡಿಸಿದ. ನಾವಿಬ್ಬರೂ ಹಿಂದೆ, ಬ್ರೆಡ್ಡಿನ ಹಲಗೆಗಳ ನಡುವೆ, ರಿಮ್ಮಾಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತೆವು. ಆಸ್ಪತ್ರೆ ಧಕ್ಕೆಯ ಆಚೆ. ಇರುವುದೊಂದೇ ರಸ್ತೆ. ಗೇಟಿನ ಹತ್ತಿರ ಬಂದೂಕು ಹಿಡಿದ ಪಹರೆಯವನು ಕೈ ಅಡ್ಡ ಹಿಡಿದ.

"ರಸ್ತೆ ಬಂದ್."

"ಹೆರಿಗೆ ಕಣೋ! ಗೇಟು ತೆಗಿಯೋ, ನಿನ್ನ ವಂಶ ಹಾಳಾಗ!" ಸಾವ್ವ ಕೂಗಿದ.

"ಆರ್ಡರ್ ಇಲ್ಲದೆ ತೆಗೆಯೋ ಹಾಗಿಲ್ಲ. ಫೋನ್ ಮಾಡ್ತೀನಿ."

ಅವನು ಫೋನ್ ಮಾಡಿದ. ಕಾಯಬೇಕಂತೆ ಎಂದ. ಮತ್ತೆ ಮಾಡಿದ, ಈ ಸಲ ಅವನ ದನಿಯಲ್ಲೇ ಅಳು. ಮತ್ತೆ ಅದೇ ಉತ್ತರ. ಗ್ರೂನ್ಯತ್ತೆ ಇಳಿದು ಗೇಟನ್ನು ಹಿಡಿದು ಅಲ್ಲಾಡಿಸಿದಳು, ಬಯ್ದಳು, ಬೇಡಿಕೊಂಡಳು. ಆಗ ಗುಡ್ಡದ ಆಚೆಯಿಂದ ಬ್ಯಾಂಡು ಶುರುವಾಯಿತು. ತುತ್ತೂರಿ, ಡೋಲು, ಗೆದ್ದು ಬಂದವರಿಗೆ ಬಾರಿಸುವ ನಡಿಗೆಯ ರಾಗ.

ಗ್ರೂನ್ಯತ್ತೆಯ ಕೈ ಗೇಟಿನ ಮೇಲೇ ನಿಂತುಬಿಟ್ಟಿತು. ಹೆಣ ಹೊತ್ತು ಬಂದ ದೋಣಿಗೆ ಬ್ಯಾಂಡು ಬಾರಿಸುವುದಿಲ್ಲ. ರಸ್ತೆ ಮುಚ್ಚಿದ್ದು ದೊಡ್ಡ ದೋಣಿ ಧಕ್ಕೆಗೆ ಬರುತ್ತಿದೆ ಎಂದು. ಗ್ಲೆಬ್ ಬದುಕಿ ಬಂದಿದ್ದ, ಎಲ್ಲರೂ ಬದುಕಿ ಬಂದಿದ್ದರು.

ಅವಳು ವ್ಯಾನಿನೊಳಗೆ ನುಗ್ಗಿದಳು. "ಕೇಳೇ ಮಗಳೇ, ಬ್ಯಾಂಡು! ಬದುಕಿದಾನೆ ಕಣೇ! ಕೇಳಿಸ್ತಾ? ತಪ್ಪಾಯ್ತು ನಂದು. ಬದುಕಿದಾನೆ!" ರಿಮ್ಮಾಳಿಗೆ ಎಚ್ಚರವಿರಲಿಲ್ಲ. ಅಲ್ಲೇ, ಗ್ರೂನ್ಯತ್ತೆಯ ಕೈಯಲ್ಲೇ, ಮಗು ಹುಟ್ಟಿತು. ನನ್ನ ಅಂಗೈಯಷ್ಟು ಬೆನ್ನು. ಅತ್ತಿತು. ಅವಳು ಅದನ್ನು ಕೋಟಿನೊಳಗೆ ಎದೆಗೆ ಅಪ್ಪಿಕೊಂಡು, ಬಾಯಿಂದ ಉಸಿರು ಊದುತ್ತ ಕೂತಳು. ಗೇಟು ತೆಗೆದಾಗ ಮಗು ತಣ್ಣಗಾಗಿತ್ತು.

ರಿಮ್ಮಾ ಉಳಿದಳು. ಉಳಿದಳು ಎಂದಷ್ಟೇ ಹೇಳಬಲ್ಲೆ. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಗಂಡ ಬಂದಾಗಲೂ ತಿರುಗಲಿಲ್ಲವಂತೆ.

ಗುಟ್ಟು ಕಾಯುವ ಕಚೇರಿಯಿಂದ ನಮ್ಮ ಮೂವರಿಗೂ ಕರೆ ಬಂತು. ಅಲ್ಲಿದ್ದವನು ಸಭ್ಯಸ್ಥ. ಚಹಾ ಕೊಟ್ಟ, ಕುರ್ಚಿ ಕೊಟ್ಟ. ದೋಣಿ ಬರುವ ಹಿಂದಿನ ದಿನ ಹೆಂಗಸರೆಲ್ಲ ಕೂದಲು ಸುರುಳಿ ಮಾಡಿಸಿಕೊಳ್ಳಲು ಸಾಲು ನಿಲ್ಲುತ್ತಾರೆ, ಆಕಾಶದಿಂದ ನೋಡಿದವನಿಗೂ ಗೊತ್ತಾಗುತ್ತದೆ, ಇದು ಹೇಗೆ ಎಂದು ಹುಡುಕಿದಾಗ ಜಾಡು ಹಂದಿದೊಡ್ಡಿಗೆ ಬಂತು ಎಂದ. ಅದಕ್ಕೇ ಈ ಸಲ ಮರಿಗಳನ್ನು ಮುರ್ಮನ್ಸ್ಕ್‌ನಿಂದ ತರಿಸಿದ್ದರಂತೆ. ಧಕ್ಕೆಯ ಮೇಲೆ ಮೂರು ತಟ್ಟೆಯಲ್ಲಿ ಮೂರು ಮರಿ ಇದ್ದವಂತೆ.

"ನಂಗೊಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲಪ್ಪಾ" ಎಂದಳು ಗ್ರೂನ್ಯತ್ತೆ.

"ನಿಮಗೆ ಯಾಕೆ ಹೇಳ್ಬೇಕು?" ಎಂದ ಅವನು. ಸಿಟ್ಟಿನಿಂದಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಆಮೇಲೆ ಕಾಗದ ಮುಂದಿಟ್ಟ. ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು, ಗೇಟಿನಲ್ಲಿ ಯಾವ ಗಾಡಿಯನ್ನೂ ತಡೆದಿರಲಿಲ್ಲ ಎಂದು ಅದರಲ್ಲಿ ಬರೆದಿತ್ತು. ಸಾವ್ವ, ನಾನು, ಅವಳು, ಮೂವರೂ ಸಹಿ ಹಾಕಿದೆವು. ಗ್ರೂನ್ಯತ್ತೆ ವಾರದೊಳಗೆ ಊರು ಬಿಡಬೇಕು. ಯಾರೊಂದಿಗೂ ಈ ಮಾತೆತ್ತಿದರೆ ಬೇರೆಯದೇ ಜಾಗಕ್ಕೆ ಕಳಿಸಬೇಕಾಗುತ್ತದೆ ಎಂದ. ಇದನ್ನೂ ಮೆತ್ತಗೇ ಹೇಳಿದ.

ಬಸ್ಸು ಹೊರಡುವ ಹೊತ್ತಿಗೆ ನಾನೊಬ್ಬಳೇ ಹೋಗಿದ್ದೆ. ಹೆಂಗಸರು ಕಿಟಕಿಯ ಪರದೆ ಸರಿಸಿ ನೋಡಿದರು, ಬರಲಿಲ್ಲ. ಸಭ್ಯಸ್ಥ ಮಾತ್ರ ಬಂದು ಬಸ್ಸಿನ ಬಾಗಿಲ ಪಕ್ಕ ನಿಂತಿದ್ದ, ಅವಳು ಹತ್ತಿದ್ದನ್ನು ಕಣ್ಣಾರೆ ನೋಡಬೇಕಿತ್ತೇನೋ. ಗ್ರೂನ್ಯತ್ತೆಯ ಕೈಯಲ್ಲಿ ಒಂದು ಗಂಟು. ಅಷ್ಟು ವರ್ಷದ ಬಾಳು ಒಂದು ಗಂಟಿಗೆ ಸಾಲಲಿಲ್ಲ, ಅರ್ಧ ಖಾಲಿಯೇ ಇತ್ತು.

ಆಗ ಗ್ಲೆಬ್ ಬಂದ. ತೆಳ್ಳಗೆ, ಬೆಳ್ಳಗೆ, ತಿಂಗಳುಗಟ್ಟಲೆ ಬಿಸಿಲು ಕಾಣದ ಮುಖ. ಹೊಡೆಯುತ್ತಾನೆ ಎಂದೇ ನಾನು ಮಧ್ಯೆ ನಿಂತೆ. ಗ್ರೂನ್ಯತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಹೊಡಿಯಪ್ಪಾ" ಎಂದಳು. "ನೀನು ಸತ್ತೆ ಅಂತ ಹೇಳಿದ್ದು ನಾನೇ."

ಗ್ಲೆಬ್ ಕೈ ಎತ್ತಲಿಲ್ಲ. "ನಿಮ್ಮನ್ನ ಹೊಡೆದು ಏನ್ ಮಾಡ್ಲಿ ಅತ್ತೆ? ಬದುಕಿದೀವೋ ಸತ್ತಿದೀವೋ ಅಂತ ಯಾರಿಗೂ ಗೊತ್ತಾಗ್ಬಾರ್ದು, ಅದೇ ನಮ್ಮ ಕೆಲಸ. ಚೆನ್ನಾಗಿ ಮಾಡಿದೀರಿ ಅಂತ ನಮಗೆಲ್ಲ ಪದಕ ಕೊಟ್ರು." ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮಗು ಹೊಟ್ಟೇಲೇ ಹೋಗಿತ್ತಂತೆ. ಗಂಡೋ ಹೆಣ್ಣೋ, ಅದನ್ನೂ ಯಾರೂ ಹೇಳ್ತಿಲ್ಲ. ರಿಮ್ಮಾಗೂ ಗೊತ್ತಿಲ್ಲ."

ಸಭ್ಯಸ್ಥ ಕೆಮ್ಮಿದ. ಬಸ್ಸು ಹತ್ತಿ, ಹೊತ್ತಾಯಿತು ಎಂದ. ಆ ಊರಿನಲ್ಲಿ ಅಷ್ಟು ವರ್ಷ ಇದ್ದು ಒಂದು ಗುಟ್ಟನ್ನೂ ಬಾಯಿಬಿಟ್ಟು ಹೇಳದಿದ್ದವಳು ಗಂಟನ್ನು ಕೆಳಗಿಟ್ಟಳು. ಮಾತಾಡುವಾಗ ಗ್ಲೆಬ್‌ನ ಕಡೆ ನೋಡಲಿಲ್ಲ, ಸಭ್ಯಸ್ಥನನ್ನೇ ನೋಡಿಕೊಂಡು ಹೇಳಿದಳು.

"ಹೆಣ್ಣು ಕಣಪ್ಪಾ. ಜೀವ ಇತ್ತು. ಗೇಟು ಹಾಕಿದ್ರು, ಗೇಟಿನ ಹತ್ರಾನೇ ಹುಟ್ಟಿದ್ಳು. ಅತ್ಲು."

ಗ್ಲೆಬ್ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ. "ಎಷ್ಟು ಹೊತ್ತು?" ಎಂದು ಕೇಳಿದ.

"ನಿಮ್ಮ ಬ್ಯಾಂಡು ನಿಲ್ಲೋ ತನಕ" ಎಂದಳು ಗ್ರೂನ್ಯತ್ತೆ.